ಪಿಗ್ಮಿಯೋ ಆರ್‌ಡಿಯೋ? ದಿನಕ್ಕೆ ನೂರು ರೂಪಾಯಿಯ ಲೆಕ್ಕ (ಅಡ್ಡಹೆಸರಿನ ನಾಲ್ವರ ಚರ್ಚೆ)

ರಥಬೀದಿ: ಮಲ್ಪೆ ಬಂದರಿನ ಹತ್ತಿರ ಚಾ ಅಂಗಡಿ ಇಟ್ಟವರು ದಿನಕ್ಕೆ 100 ರೂ. ಉಳಿಸುವುದಾದರೆ ಪಿಗ್ಮಿ (ದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿ) ಬೇಡ, ತಿಂಗಳಿಗೆ 3,000ದ ಆರ್‌ಡಿ (ತಿಂಗಳ ಕಂತಿನ ಠೇವಣಿ) ಕಟ್ಟಲಿ ಅಂತ ನನ್ನ ವಾದ. ಶೇ. 6.5 ಬಡ್ಡಿ ಹಿಡಿದರೆ ವರ್ಷಕ್ಕೆ ಸುಮಾರು 1,286 ರೂ. ಬಡ್ಡಿಯೇ ಬರುತ್ತದೆ. ಪಿಗ್ಮಿಗೆ ಶೇ. 3 ಕೊಟ್ಟರೂ 540ರ ಆಸುಪಾಸು.

ಕಡಲತಡಿ: ನಿಮ್ಮ ಲೆಕ್ಕ ಸರಿ ಉಂಟು ಮಾರಾಯ್ರೆ. ಆದರೆ ವ್ಯತ್ಯಾಸದ 746 ರೂಪಾಯಿಯನ್ನು 360 ದಿನಕ್ಕೆ ಹಂಚಿ ನೋಡಿ, ದಿನಕ್ಕೆ ಎರಡು ರೂಪಾಯಿ ಚಿಲ್ಲರೆ. ಪಿಗ್ಮಿಯವರು ಅಂಗಡಿ ಬಾಗಿಲಿಗೇ ಬಂದು ಹಣ ತಗೊಂಡು ಚೀಟಿ ಕೊಟ್ಟು ಹೋಗುವುದಕ್ಕೆ ಅದು ಸಂಬಳ ಅಂತ ಇಟ್ಟುಕೊಳ್ಳಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ದಿನದ ದುಡಿಮೆಯವರಿಗೆ ತಿಂಗಳ ಕಂತು ಹೊಂದುವುದಿಲ್ಲ ಅಂತ ಆಗಲೇ ಗೊತ್ತಿತ್ತು.

ರಥಬೀದಿ: ಆಗ ಗಲ್ಲಾಪೆಟ್ಟಿಗೆಯಲ್ಲಿ ನೋಟು ಇರುತ್ತಿತ್ತು. ಈಗ ಅರ್ಧ ವ್ಯಾಪಾರ ಫೋನ್‌ಪೇ, ಗೂಗಲ್‌ಪೇ. ಹಣ ಆಗಲೇ ಬ್ಯಾಂಕಿನಲ್ಲಿ ಬಿದ್ದಿರುತ್ತದೆ, ಅಲ್ಲಿಂದಲೇ ಕಂತು ಕಟ್ ಆಗಲಿ.

ಲೆಕ್ಕದ ಪುಸ್ತಕ: ಎಡವುವುದು ಅಲ್ಲೇ. ಅದೇ ಖಾತೆಯಿಂದ ಹಾಲು, ಸಕ್ಕರೆ, ಗ್ಯಾಸಿನ ದುಡ್ಡೂ ಹೋಗುತ್ತದೆ. ಕಂತಿನ ದಿನ ಖಾತೆ ಖಾಲಿ ಇದ್ದರೆ ದಂಡ. ಹಾಗಾಗಿ ಎರಡನೇ ಉಳಿತಾಯ ಖಾತೆ ತೆರೆದು, ಅದಕ್ಕೆ ಕ್ಯೂಆರ್ ಜೋಡಿಸದೆ, ರಾತ್ರಿ ಬಾಗಿಲು ಹಾಕುವ ಮುಂಚೆ 100 ರೂ. ದಾಟಿಸಬೇಕು. ಪಿಗ್ಮಿಯಲ್ಲೂ ಜಾಗ್ರತೆ ಬೇಕು: ಅವಧಿಗೆ ಮುಂಚೆ ಮುರಿದರೆ ಹೆಚ್ಚಿನ ಕಡೆ ಬಡ್ಡಿ ಇಲ್ಲ, ಮೇಲಿಂದ ಕಮಿಷನ್ ಹಿಡಿಯುತ್ತಾರೆ. ಚೀಟಿಗಳನ್ನು ಸರಿಗೆಗೆ ಚುಚ್ಚಿಟ್ಟು ತಿಂಗಳಿಗೊಮ್ಮೆ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿ.

ಕುದ್ರು: ಮಳೆಗಾಲವನ್ನು ಯಾರೂ ಹೇಳಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಬಂದರಿನಲ್ಲಿ ಜನವೇ ಇಲ್ಲದ ಮೇಲೆ ಚಾ ಯಾರಿಗೆ? ಅಂಚೆ ಕಚೇರಿಯ ಆರ್‌ಡಿಯಲ್ಲಿ ಎರಡು ಕಂತು ತಪ್ಪಿದರೆ 100ಕ್ಕೆ ತಿಂಗಳಿಗೆ 1 ರೂ. ದಂಡ, ಖಾತೆ ಸಾಯುವುದಿಲ್ಲ. ಸತತ ನಾಲ್ಕು ತಪ್ಪಿದರೆ ನಿಲ್ಲುತ್ತದೆ, ಮತ್ತೆ ಎರಡು ತಿಂಗಳೊಳಗೆ ಜೀವ ಕೊಡಬಹುದು. ಅದಕ್ಕಿಂತ ಚಂದದ ದಾರಿ ಉಂಟು: ಮೇ ತಿಂಗಳಲ್ಲೇ ಆರು ಕಂತು ಮುಂಗಡ ಕಟ್ಟಿದರೆ 100 ರೂಪಾಯಿ ಕಂತಿಗೆ 10 ರೂ. ರಿಯಾಯಿತಿ. 3,000ದ ಕಂತಿಗೆ 300 ರೂ. ಉಳಿಯಿತು.

ರಥಬೀದಿ: ಒಟ್ಟಿಗೆ 18,000 ಎಲ್ಲಿಂದ ತರುವುದು?

ಕಡಲತಡಿ: ಪಿಗ್ಮಿಯಿಂದ! ಮೇ ಮೊದಲ ವಾರ ಒಂದು ವರ್ಷದ ಪಿಗ್ಮಿ ಶುರು ಮಾಡಿದರೆ ಮರುವರ್ಷ ಮೇಯಲ್ಲಿ ಕೈಗೆ ಬರುತ್ತದೆ. ಮಳೆಗಾಲದಲ್ಲಿ 20 ರೂ. ಕೊಟ್ಟರೂ ನಡೆಯುತ್ತದೆ. ಬಂದದ್ದರಲ್ಲಿ 18,000 ಆರ್‌ಡಿಗೆ, ಉಳಿದದ್ದು ಮಕ್ಕಳ ಶಾಲೆ ಫೀಸಿಗೆ.

ರಥಬೀದಿ: ಇದು ಒಪ್ಪುವ ಮಾತು. ಪಿಗ್ಮಿ ಬೇಡ ಅಂದದ್ದನ್ನು ಹಿಂದೆ ತಗೊಂಡೆ.

ಲೆಕ್ಕದ ಪುಸ್ತಕ: ಆದರೆ ಅಂಚೆ ಆರ್‌ಡಿ ಐದು ವರ್ಷದ್ದು, ಮೂರು ವರ್ಷದ ಮೊದಲು ಮುರಿಯಲಾಗದು. 12 ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತದೆ. ಇನ್ನು, ಪಿಗ್ಮಿ ಬ್ಯಾಂಕಿನದ್ದೋ ಸೊಸೈಟಿಯದ್ದೋ ಅಂತ ಮೊದಲೇ ಕೇಳಿ. ಬ್ಯಾಂಕಾದರೆ 5 ಲಕ್ಷದವರೆಗೆ ಠೇವಣಿ ವಿಮೆ ಉಂಟು, ಪತ್ತಿನ ಸಹಕಾರ ಸೊಸೈಟಿಗೆ ಅದು ಇಲ್ಲ.