ಸಹಾಯ ಬೇಕು: ಪಯಸ್ವಿನಿ ಕಡವಿನ ಕಸ, ಮಳೆಗೆ ಮುಂಚೆ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಪಯಸ್ವಿನಿ ಹೊಳೆಯ ಕಡವುಗಳಲ್ಲೂ (ಹೊಳೆಗೆ ಇಳಿಯುವ ಜಾಗ) ಅದಕ್ಕೆ ಸೇರುವ ತೋಡುಗಳ ಕಟ್ಟಗಳಲ್ಲೂ (ನೀರು ತಡೆಯುವ ಸಣ್ಣ ಅಡ್ಡಗಟ್ಟೆ) ರಜಾದಿನ ಈಜಲು ಬರುವವರು ಹೆಚ್ಚಿದ್ದಾರೆ. ಕಟ್ಟದ ಹಿಂದೆ ನೀರು ನಿಲ್ಲುವುದರಿಂದ ಬಾಟಲಿ, ಚಿಪ್ಸ್ ಪೊಟ್ಟಣ, ಡಯಾಪರ್ ಎಲ್ಲ ಅಲ್ಲೇ ಸೇರುತ್ತವೆ. ಜೂನ್‌ನಲ್ಲಿ ಮೊದಲ ನೆರೆ ಬಂದರೆ ಅದೆಲ್ಲ ಒಂದೇ ರಾತ್ರಿಯಲ್ಲಿ ಚಂದ್ರಗಿರಿ ಹೊಳೆಯ ಅಳಿವೆಗೆ, ಅಲ್ಲಿಂದ ಕಡಲಿಗೆ. ಹಾಗಾಗಿ ಮೇ ಕೊನೆಯೊಳಗೆ ಹೆಕ್ಕಿ ಮುಗಿಸಲೇಬೇಕು.

ಬೇಕಾದದ್ದು: 15 ಜನ, ದಪ್ಪ ರಬ್ಬರ್ ಕೈಗವಸು, ಉದ್ದ ಕೋಲಿನ ಬಲೆ 4, ಗೋಣಿಚೀಲ 40. ಒಡೆದ ಗಾಜಿಗೆ ಗೋಣಿ ಬೇಡ, ಹರಿದು ಕಾಲಿಗೆ ಚುಚ್ಚುತ್ತದೆ. ಹಳೆಯ ಪೈಂಟ್ ಬಕೆಟ್ ಇದ್ದವರು ಕೊಡಿ. ಬರಿಗಾಲಲ್ಲಿ ಯಾರೂ ನೀರಿಗಿಳಿಯಬೇಡಿ.

ಒದ್ದೆ, ಕೆಸರು ಮೆತ್ತಿದ ಪ್ಲಾಸ್ಟಿಕ್ಕನ್ನು ಹರಿತ ಕರ್ಮಸೇನೆಯವರು (ಕೇರಳದಲ್ಲಿ ಮನೆಮನೆಯಿಂದ ಒಣಕಸ ಒಯ್ಯುವವರು) ತೆಗೆದುಕೊಳ್ಳುವುದು ಕಷ್ಟ. ತೊಳೆದು ಎರಡು ದಿನ ಒಣಗಿಸಲು ಹತ್ತಿರದಲ್ಲಿ ಯಾರದ್ದಾದರೂ ಅಡಿಕೆ ಅಂಗಳ ಸಿಕ್ಕೀತೇ? ಇದೇ ನಮಗೆ ದೊಡ್ಡ ತೊಡಕು.

ಇನ್ನೊಂದು, ತೊಟ್ಟಿ ಎಲ್ಲಿಡಬೇಕು? ನೀರಿನ ಬದಿಯಲ್ಲಿಟ್ಟರೆ ನಾಯಿ, ಕಾಗೆ ಎಳೆದು ಹಾಕುತ್ತವೆ, ನೆರೆಗೆ ತೊಟ್ಟಿಯೇ ಹೋಗುತ್ತದೆ. ವಾಹನ ನಿಲ್ಲಿಸುವಲ್ಲಿ, ಮುಚ್ಚಳ ಸಮೇತ ಇಡುವುದೇ ಸರಿ ಎಂದು ನಮ್ಮ ಅಭಿಪ್ರಾಯ. ಆದರೆ ವಾರಕ್ಕೆರಡು ಸಲ ಖಾಲಿ ಮಾಡುವವರಿಲ್ಲದಿದ್ದರೆ ತೊಟ್ಟಿ ಇಡದಿರುವುದೇ ಮೇಲು. ತುಂಬಿದ ತೊಟ್ಟಿಯ ಸುತ್ತ ಕಸ ಇನ್ನೂ ಹೆಚ್ಚುತ್ತದೆ. ಸೋಮವಾರ, ಗುರುವಾರ ಪಿಕಪ್ ಕೊಡಬಲ್ಲವರು ದಯವಿಟ್ಟು ಇಲ್ಲೇ ತಿಳಿಸಿ.

ಮಲಯಾಳ, ಕನ್ನಡ ಎರಡರಲ್ಲೂ ಫಲಕ ಬರೆಯುವವರೂ ಬೇಕು. ಸೋಪು, ಶಾಂಪೂ ಬೇಡವೆಂಬುದು ಮೊದಲ ಸಾಲಿನಲ್ಲಿರಲಿ.