ತಿಂಗಳು ತುಂಬದ ಮಗುವಿನ ಮೆದುಳು: ನವಜಾತ ಶಿಶು ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ನನ್ನ ತಂಗಿಗೆ ಈಗ 29 ವಾರ. ರಾತ್ರಿಯಿಂದ ಗರ್ಭಚೀಲದ ನೀರು ಸೋರುತ್ತಿದೆ, ಆಗಾಗ ನೋವೂ ಬರುತ್ತಿದೆ. ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ದೊಡ್ಡ ಆಸ್ಪತ್ರೆಗೆ ಈಗಲೇ ಕರೆದುಕೊಂಡು ಹೋಗಿ ಎಂದು ಇಲ್ಲಿನ ವೈದ್ಯರು ಹೇಳುತ್ತಿದ್ದಾರೆ. ಮನೆಯ ಹಿರಿಯರು ಹೆರಿಗೆ ಇಲ್ಲೇ ಆಗಲಿ, ಬೇಕಾದರೆ ಆಮೇಲೆ ಮಗುವನ್ನು ಸಾಗಿಸೋಣ ಎನ್ನುತ್ತಾರೆ. ಮೆದುಳಿಗೆ ತೊಂದರೆಯಾಗದಂತೆ ಒಂದು ಇಂಜೆಕ್ಷನ್ ಇದೆಯಂತೆ. ಅದನ್ನು ಇಲ್ಲೇ ಹಾಕಿಸಿದರೆ ಸಾಲದೇ?

ಉತ್ತರ: ಸ್ಟೀರಾಯ್ಡ್ ಇಂಜೆಕ್ಷನ್ನಿನ ಮೊದಲ ಡೋಸ್ ಈಗಲೇ ಕೊಡಲಾಗುವುದೇ ಎಂದು ಕೇಳಿ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿ. ದಾರಿಯಲ್ಲೇ ಹೆರಿಗೆಯಾಗುವಷ್ಟು ಹತ್ತಿರ ಬಂದಿದ್ದರೆ ಮಾತ್ರ ಹೊರಡಬಾರದು. ಅದನ್ನು ಪರೀಕ್ಷಿಸಿ ಹೇಳಬೇಕಾದವರು ಅಲ್ಲಿನ ವೈದ್ಯರು, ಅವರು ಹೇಳಿಯಾಗಿದೆ. ಹಿರಿಯರಿಗೆ ಇಷ್ಟು ತಿಳಿಸಿ: ಇಂಥ ಮಗುವಿಗೆ ತಾಯಿಯ ಗರ್ಭಕ್ಕಿಂತ ಒಳ್ಳೆಯ ಆಂಬ್ಯುಲೆನ್ಸ್ ಇಲ್ಲ. ಹುಟ್ಟಿದ ಮೇಲೆ ಸಾಗಿಸಿದ ಮಕ್ಕಳಲ್ಲಿ ಮೆದುಳಿನ ರಕ್ತಸ್ರಾವ ಹೆಚ್ಚು.

ಕಾರಣ ಹೀಗಿದೆ. ಮೆದುಳಿನೊಳಗಿನ ದ್ರವ ತುಂಬಿದ ಕುಹರಗಳ ಅಂಚಿನಲ್ಲಿ ಜರ್ಮಿನಲ್ ಮ್ಯಾಟ್ರಿಕ್ಸ್ ಎಂಬ ಭಾಗವಿದೆ. ಹೊಸ ಕೋಶಗಳು ಹುಟ್ಟುವ ಜಾಗ ಅದು. ಅಲ್ಲಿನ ರಕ್ತನಾಳಗಳ ಗೋಡೆ ತೀರಾ ತೆಳು. ಸುಮಾರು 34 ವಾರದ ಹೊತ್ತಿಗೆ ಈ ಭಾಗ ತಾನಾಗಿ ಕರಗಿಹೋಗುತ್ತದೆ, ಅದಕ್ಕೂ ಮೊದಲೇ ಹುಟ್ಟಿದ ಮಗುವಿನಲ್ಲಿ ಇನ್ನೂ ಇರುತ್ತದೆ. ದೊಡ್ಡವರ ಮೆದುಳು ರಕ್ತದೊತ್ತಡದ ಏರಿಳಿತವನ್ನು ತಡೆದುಕೊಂಡು ರಕ್ತದ ಹರಿವನ್ನು ಸಮವಾಗಿ ಇಡುತ್ತದೆ, ಈ ಮಕ್ಕಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಒತ್ತಡ ಏರಿದರೆ ನಾಳ ಒಡೆಯಬಹುದು, ಇಳಿದರೆ ಪಕ್ಕದ ಬಿಳಿ ದ್ರವ್ಯಕ್ಕೆ, ಅಂದರೆ ನರತಂತುಗಳಿರುವ ಭಾಗಕ್ಕೆ, ರಕ್ತ ಸಾಲದೆ ಹೋಗಬಹುದು. ರಕ್ತಸ್ರಾವದ ಬಹುಪಾಲು ಮೊದಲ 72 ಗಂಟೆಗಳಲ್ಲೇ ಆಗುತ್ತದೆ. ಕುಲುಕುವ ವಾಹನ, ತಣ್ಣಗಾಗುವ ಮೈ, ಅರ್ಧ ದಾರಿಯಲ್ಲಿ ಜಾರುವ ಉಸಿರಿನ ಕೊಳವೆ, ಇವೆಲ್ಲ ಬರುವುದೂ ಅದೇ ಗಂಟೆಗಳಲ್ಲಿ.

ಇಂಜೆಕ್ಷನ್ ಒಂದಲ್ಲ, ಎರಡು. ಮೊದಲನೆಯದು ಸ್ಟೀರಾಯ್ಡ್. ಬೀಟಾಮೆಥಸೋನ್ ಆದರೆ 12 ಮಿಲಿಗ್ರಾಂನಂತೆ 24 ಗಂಟೆಗಳ ಅಂತರದಲ್ಲಿ ಎರಡು ಬಾರಿ, ಡೆಕ್ಸಾಮೆಥಸೋನ್ ಆದರೆ 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಬಾರಿ ಕೊಡುತ್ತಾರೆ. ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲಿ ಇದನ್ನು ತೋರಿಸಿಕೊಟ್ಟದ್ದು ಶ್ವಾಸಕೋಶದ ಸಲುವಾಗಿ. ಮೆದುಳಿನ ರಕ್ತಸ್ರಾವವೂ ಇದರಿಂದ ಕಡಿಮೆಯಾಗುತ್ತದೆ. ಎರಡನೆಯದು ಮೆಗ್ನೀಷಿಯಂ ಸಲ್ಫೇಟ್. 32 ವಾರದೊಳಗೆ ಹೆರಿಗೆ ಖಚಿತ ಎನಿಸಿದಾಗ ತಾಯಿಗೆ ಕೊಟ್ಟರೆ ಮಗುವಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಕೈಕಾಲುಗಳ ಚಲನೆಗೆ ಬರುವ ತೊಂದರೆ) ಬರುವ ಸಾಧ್ಯತೆ ತಗ್ಗುತ್ತದೆ. ಇದನ್ನು ಕೊಡುವಾಗ ತಾಯಿಯ ಉಸಿರಾಟ, ಮೂತ್ರದ ಪ್ರಮಾಣ, ಮೊಣಕಾಲಿನ ಪ್ರತಿವರ್ತನೆಯನ್ನು ನೋಡುತ್ತಿರಬೇಕು. ಹೊರಡುವ ಮುನ್ನವೇ ಸ್ಟೀರಾಯ್ಡಿನ ಮೊದಲ ಡೋಸ್ ಕೊಡಲಾಗುವುದೇ ಎಂದು ಕೇಳಿ, ಸಮಯ ಬರೆಸಿಕೊಳ್ಳಿ. ಆ ಚೀಟಿ ಇಲ್ಲದೆ ಬರುವವರೇ ಹೆಚ್ಚು. ನೀರು ಸೋರುತ್ತಿರುವುದರಿಂದ ಸೋಂಕು ತಡೆಯಲು ಪ್ರತಿಜೀವಕವೂ ಬೇಕಾಗುತ್ತದೆ. ಸೋಂಕು ಕೂಡ ಮೆದುಳಿನ ಬಿಳಿ ದ್ರವ್ಯಕ್ಕೆ ಹಾನಿ ಮಾಡುತ್ತದೆ.

ಆದರೆ ಇಂಜೆಕ್ಷನ್ ಹಾಕಿಸಿದರೆ ಕೆಲಸ ಮುಗಿಯಿತು ಎನ್ನುವ ಲೆಕ್ಕ ತಪ್ಪು. ಹುಟ್ಟಿದ ಮೇಲಿನ ಮೂರು ದಿನ ಅನುಭವವಿರುವ ಕೈಗಳು ಬೇಕು.

ಪ್ರಶ್ನೆ: ನಾನು ಎನ್‌ಐಸಿಯುನಲ್ಲಿ ನರ್ಸ್. ತಲೆ ನೇರ, ಹಾಸಿಗೆ 30 ಡಿಗ್ರಿ ಎತ್ತರ, ಡೈಪರ್ ಬದಲಿಸುವಾಗ ಕಾಲು ಮೇಲೆತ್ತಬಾರದು ಎಂದೆಲ್ಲ ಒಂದು ಉದ್ದನೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಾರೆ. ರಾತ್ರಿ ಪಾಳಿಯಲ್ಲಿ ಸಿಬ್ಬಂದಿ ಕಡಿಮೆ. ಇದರಲ್ಲಿ ನಿಜಕ್ಕೂ ಮುಖ್ಯವಾದದ್ದು ಯಾವುದು?

ಉತ್ತರ: ಒಳ್ಳೆಯ ಪ್ರಶ್ನೆ ಸಿಸ್ಟರ್. ಗೋಡೆಯ ಪಟ್ಟಿಯಲ್ಲಿ ಎಲ್ಲಕ್ಕೂ ಒಂದೇ ತೂಕವಿದ್ದಂತೆ ಕಾಣುತ್ತದೆ, ನಿಜದಲ್ಲಿ ಹಾಗಿಲ್ಲ.

ಮೈ ಬೆಚ್ಚಗಿರುವುದು ನನ್ನ ಲೆಕ್ಕದಲ್ಲಿ ಮೊದಲನೆಯದು. ಹುಟ್ಟಿದ ಕೂಡಲೇ ಒರೆಸದೆ ಪಾಲಿಥಿನ್ ಚೀಲದಲ್ಲಿ ಇಟ್ಟು, ಟೋಪಿ ಹಾಕಿ, ಘಟಕಕ್ಕೆ ಬಂದಾಗ ಉಷ್ಣತೆ 36.5ರಿಂದ 37.5 ಡಿಗ್ರಿಯೊಳಗೆ ಇರುವಂತೆ ನೋಡಿಕೊಳ್ಳುವುದು. ಹೆರಿಗೆ ಕೋಣೆಯ ಎಸಿಯನ್ನು ವೈದ್ಯರ ಸುಖಕ್ಕಾಗಿ ಹಾಕಿರುತ್ತಾರೆ, ಆರಿಸಲು ಹೇಳುವ ಧೈರ್ಯ ಯಾರಿಗಾದರೂ ಇರಬೇಕು. ಮಗುವಿಗೆ ತಕ್ಷಣ ಉಸಿರು ಕೊಡಬೇಕಾದ ಸ್ಥಿತಿ ಇಲ್ಲದಿದ್ದರೆ ಹೊಕ್ಕುಳಬಳ್ಳಿಯನ್ನು ಕತ್ತರಿಸಲು ಒಂದು ನಿಮಿಷ ಕಾಯಬೇಕು. ಕಾಯಲು ಪುರಸೊತ್ತಿಲ್ಲವೆಂದು 28 ವಾರದೊಳಗಿನ ಮಗುವಿಗೆ ಬಳ್ಳಿಯನ್ನು ಹಿಂಡಿ ರಕ್ತ ತಳ್ಳುವುದು ಬೇಡ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಾಗೆ ಹಿಂಡಿದ ಈ ಪುಟ್ಟ ಮಕ್ಕಳಲ್ಲಿ ತೀವ್ರ ರಕ್ತಸ್ರಾವ ಹೆಚ್ಚು ಕಂಡಿತು.

ಎರಡನೆಯದು ವೆಂಟಿಲೇಟರ್. ಇಂಗಾಲದ ಡೈಆಕ್ಸೈಡ್ ಏರಿದರೆ ಮೆದುಳಿನ ರಕ್ತನಾಳ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟೆಂಟ್ ಎಂಬ ಔಷಧ ಕೊಟ್ಟ ಮೇಲೆ ಶ್ವಾಸಕೋಶ ಬೇಗ ಸಡಿಲಾಗುತ್ತದೆ. ಯಂತ್ರದ ಒತ್ತಡವನ್ನು ಆ ವೇಗಕ್ಕೆ ತಗ್ಗಿಸದಿದ್ದರೆ ಡೈಆಕ್ಸೈಡ್ ಪಾತಾಳಕ್ಕೆ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ವೈದ್ಯರನ್ನು ನಿದ್ದೆಯಿಂದ ಎಬ್ಬಿಸಲು ಹಿಂಜರಿಯಬೇಡಿ. ಹಾಗೆಯೇ ಸಲೈನ್ ಆಗಲಿ, ಬೈಕಾರ್ಬನೇಟ್ ಆಗಲಿ, ರಭಸದಿಂದ ತಳ್ಳಬಾರದು. ನಾಳದಿಂದ ರಕ್ತದ ಮಾದರಿ ಎಳೆಯುವುದೂ, ಮತ್ತೆ ತೊಳೆಯುವುದೂ ನಿಧಾನವಾಗಿ ಆಗಬೇಕು.

ತಲೆ ನೇರವಾಗಿಡುವುದಕ್ಕೆ ಬಲವಾದ ಪುರಾವೆ ಇಲ್ಲ. ಕುತ್ತಿಗೆ ತಿರುಗಿದರೆ ತಲೆಯಿಂದ ರಕ್ತ ಇಳಿದುಬರುವುದಕ್ಕೆ ತಡೆಯಾಗುತ್ತದೆ ಎಂಬ ತರ್ಕ ಸರಿಯಾಗಿದೆ, ಖರ್ಚೂ ಇಲ್ಲ, ಆದ್ದರಿಂದ ಮಾಡಿ. ಕಾಲೆತ್ತುವ ಬದಲು ಮಗುವನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸುವುದೂ ಅಷ್ಟೇ. ಆದರೆ ತಲೆ ನೇರವಾಗಿದೆ ಎಂದು ಗುರುತು ಹಾಕಿ, ಅದೇ ಮಗುವನ್ನು ಎಕ್ಸ್‌ರೇ, ರಕ್ತ ಪರೀಕ್ಷೆ, ಕಫ ಹೀರುವುದು ಎಂದು ಒಂದರ ಹಿಂದೊಂದು ಮುಟ್ಟುತ್ತಿದ್ದರೆ ಏನೂ ಪ್ರಯೋಜನವಿಲ್ಲ. ಕೆಲಸಗಳನ್ನು ಗುಂಪಾಗಿಸಿ ಎನ್ನುತ್ತಾರೆ. ಗುಂಪು ಉದ್ದವಾದರೆ ಅದೇ ದಣಿವು. ಆಮ್ಲಜನಕದ ಅಂಕಿ ಕುಸಿದರೆ ತುರ್ತಲ್ಲದ ಕೆಲಸ ಅರ್ಧಕ್ಕೇ ನಿಲ್ಲಲಿ.

ಪ್ರಶ್ನೆ: ಸರ್, ನಮ್ಮ ಮಗ 30 ವಾರಕ್ಕೆ ಹುಟ್ಟಿದ. ನಾಲ್ಕನೆಯ ದಿನದ ತಲೆಯ ಸ್ಕ್ಯಾನ್‌ನಲ್ಲಿ 'ಗ್ರೇಡ್ 2 ರಕ್ತಸ್ರಾವ' ಎಂದು ಬರೆದಿದ್ದಾರೆ. ಅವನ ಬದುಕು ಮುಗಿಯಿತೇ? ರಕ್ತ ಕರಗಿಸುವ ಔಷಧ ಇದೆಯೇ?

ಉತ್ತರ: ಮುಗಿದಿಲ್ಲ. ಗ್ರೇಡ್ 2 ಎಂದರೆ ರಕ್ತ ಕುಹರದೊಳಗೆ ಬಂದಿದೆ, ಆದರೆ ಕುಹರ ಹಿಗ್ಗಿಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ. ಕುಹರ ಹಿಗ್ಗಿದ್ದರೆ ಗ್ರೇಡ್ 3, ಮೆದುಳಿನ ಅಂಗಾಂಶಕ್ಕೂ ಹಾನಿಯಾಗಿದ್ದರೆ ಗ್ರೇಡ್ 4. ನಿಜವಾದ ಆತಂಕ ಆ ಎರಡರಲ್ಲಿ. ರಕ್ತ ಕರಗಿಸುವ ಔಷಧ ಬೇಡ, ದೇಹವೇ ಅದನ್ನು ಹೀರಿಕೊಳ್ಳುತ್ತದೆ. ಹೊಸ ರಕ್ತಸ್ರಾವ ಇಲ್ಲ, ನೀರು ತುಂಬಿಕೊಳ್ಳುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಲು ನೆತ್ತಿಯ ಮೇಲಿನಿಂದ ಮಾಡುವ ಸ್ಕ್ಯಾನ್ ಮತ್ತೆ ಮಾಡುತ್ತಾರೆ, ತಲೆಯ ಸುತ್ತಳತೆ ಅಳೆಯುತ್ತಾರೆ. ಬಿಳಿ ದ್ರವ್ಯದ ಗಾಯ ಕಾಣಿಸಿಕೊಳ್ಳಲು ವಾರಗಳು ಬೇಕಾಗುವುದರಿಂದ, ಹೆರಿಗೆಗೆಂದು ಮೊದಲು ಕೊಟ್ಟಿದ್ದ ದಿನಾಂಕದ ಹೊತ್ತಿನ ಸ್ಕ್ಯಾನನ್ನು ತಪ್ಪಿಸಬೇಡಿ.

ನೀವು ಮಾಡಬಹುದಾದದ್ದೂ ಇದೆ. ತಾಯಿಯ ಹಾಲು ತಲುಪಿಸಿ. ಘಟಕದವರು ಒಪ್ಪಿದ ಕೂಡಲೇ ಎದೆಗೊರಗಿಸಿ ಕಾಂಗರೂ ಆರೈಕೆ ಕೊಡಿ, ಅದನ್ನು ಅಪ್ಪನೂ ಕೊಡಬಹುದು. ಮುಟ್ಟುವಾಗ ಸವರಬೇಡಿ, ಅಂಗೈಯನ್ನು ಅಲುಗಿಸದೆ ತಲೆ ಮತ್ತು ಪಾದದ ಮೇಲೆ ಇಡಿ. ಮನೆಗೆ ಹೋದ ಮೇಲೂ ಬೆಳವಣಿಗೆಯ ತಪಾಸಣೆ ಕನಿಷ್ಠ ಎರಡು ವರ್ಷ ನಡೆಯಲಿ. ಸ್ಕ್ಯಾನ್ ಸರಿಯಿದ್ದ ಮಕ್ಕಳಿಗೂ ಇದು ಬೇಕು.

ಪ್ರಶ್ನೆ: ಮಗುವಿನ ಮೈಯನ್ನು ತಣ್ಣಗಾಗಿಸಿ ಮೆದುಳು ಉಳಿಸುವ ಚಿಕಿತ್ಸೆ ಇದೆಯಂತೆ. 31 ವಾರದ ನಮ್ಮ ಮಗುವಿಗೆ ಅದನ್ನು ಏಕೆ ಕೊಡಲಿಲ್ಲ?

ಉತ್ತರ: ಕೊಡದೆ ಇದ್ದದ್ದೇ ಸರಿ. ಅದು ತಿಂಗಳು ತುಂಬಿ ಅಥವಾ ತುಂಬುವ ಹತ್ತಿರದಲ್ಲಿ ಹುಟ್ಟಿ, ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಿಗದೆ ಮೆದುಳಿಗೆ ಪೆಟ್ಟುಬಿದ್ದ ಮಕ್ಕಳಿಗೆ, ಮೊದಲ ಆರು ಗಂಟೆಯೊಳಗೆ ಆರಂಭಿಸುವ ಚಿಕಿತ್ಸೆ. 31 ವಾರದ ಮಗುವಿಗೆ ಚಳಿಯೇ ಅಪಾಯ.