ಕಾಡಿನ ಚಾಕು ಮಾಡಿಸಬೇಕು: ಯಾವ ಗ್ರೈಂಡ್, ಯಾವ ಸ್ಟೀಲ್?

ಪ್ರಶ್ನೆ: 4 ಇಂಚಿನ ಅಲಗಿನ ಚಾಕು ಮಾಡಿಸುತ್ತಿದ್ದೇನೆ. ಕಟ್ಟಿಗೆ ಸೀಳೋದು, ಗೂಟ ಕೆತ್ತೋದು, ಬೆಂಕಿ ಹಚ್ಚಲು ತೆಳ್ಳಗೆ ಹೆರೆಯೋದು, ಇಷ್ಟೇ ಕೆಲಸ. ಗ್ರೈಂಡ್ ಅಂದರೆ ಅಲಗು ಅಂಚಿನ ಕಡೆಗೆ ತೆಳುವಾಗುವ ಆಕಾರ, ಅದರಲ್ಲಿ ಸ್ಕ್ಯಾಂಡಿ (ಎರಡೂ ಕಡೆ ಅಂಚಿನವರೆಗೆ ಒಂದೇ ಚಪ್ಪಟೆ ಇಳಿಜಾರು) ಸಾಕಾ, ಕಾನ್ವೆಕ್ಸ್ (ಹೊರಕ್ಕೆ ಉಬ್ಬಿದ ಇಳಿಜಾರು) ಬೇಕಾ? ಸ್ಟೀಲ್ ಓ1 (ಸ್ಟೇನ್‌ಲೆಸ್ ಅಲ್ಲದ ಒಂದು ಟೂಲ್ ಸ್ಟೀಲ್) ಅಂದುಕೊಂಡಿದ್ದೇನೆ, ತುಕ್ಕಿನದೇ ಭಯ.

ಉತ್ತರ 1: ಮರದ ಕೆಲಸವೇ ಜಾಸ್ತಿ ಅಲ್ವಾ, ಸ್ಕ್ಯಾಂಡಿ ತಗೊಳ್ಳಿ. ಮಸೆಯುವಾಗ ಇಳಿಜಾರನ್ನು ಪೂರ್ತಿ ಕಲ್ಲಿಗೆ ಒತ್ತಿ ಹಿಡಿದರೆ ಕೋನ ತಾನಾಗಿಯೇ ಸಿಗುತ್ತದೆ, ಹೊಸಬರಿಗೆ ಅದು ದೊಡ್ಡ ಅನುಕೂಲ. ಅಡುಗೆಗೆ ಮಾತ್ರ ಅಷ್ಟಕ್ಕಷ್ಟೆ. ಕ್ಯಾರೆಟ್ ಹೆಚ್ಚಿದರೆ ಅರ್ಧಕ್ಕೆ ಬಂದು ಟಕ್ ಅಂತ ಸೀಳಿಬಿಡುತ್ತದೆ.

ಉತ್ತರ 2: ಒಮ್ಮೆ ಗಂಟಿದ್ದ ಕಟ್ಟಿಗೆ ಮೇಲೆ ನನ್ನ ಸ್ಕ್ಯಾಂಡಿ ಇಟ್ಟು ಹೊಡೆದೆ, ಬಾಯಿ ಮಡಚಿಕೊಂಡಿತು. ಆಮೇಲೆ ಅಂಚಿಗೆ ಕೂದಲೆಳೆಯಷ್ಟು ಮೈಕ್ರೋ ಬೆವೆಲ್ (ತುದಿಯಲ್ಲಿ ಇನ್ನೊಂದು ಪುಟ್ಟ ಇಳಿಜಾರು) ಕೊಟ್ಟೆ, ಮತ್ತೆ ಹಾಗಾಗಿಲ್ಲ. ಬರೀ ಸೀಳೋದೇ ಆದರೆ ಕಾನ್ವೆಕ್ಸ್ ಗಟ್ಟಿ. ಓ1 ಒಳ್ಳೆಯದೇ, ಆದರೆ ಒರೆಸಿ ಎಣ್ಣೆ ಹಚ್ಚಬೇಕು, ಒದ್ದೆಯಾದ ಚರ್ಮದ ಒರೆಯಲ್ಲಿ ರಾತ್ರಿಯಿಡೀ ಬಿಡಲೇಬೇಡಿ. ಅಷ್ಟು ಪುರುಸೊತ್ತಿಲ್ಲ ಅಂದರೆ 14ಸಿ28ಎನ್ ಅನ್ನೋ ಸ್ಟೀಲ್ ಕೇಳಿ. ಸ್ಟೇನ್‌ಲೆಸ್, ಮಸೆಯೋದೂ ಸುಲಭ.

ಉತ್ತರ 3: ಸುಮ್ನೆ ಸ್ಟೀಲ್ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ, ಹದ (ಕಾಯಿಸಿ ತಣಿಸಿ ಗಡಸು ಮಾಡೋದು) ಸರಿ ಇಲ್ಲದಿದ್ದರೆ ಯಾವುದೂ ಪ್ರಯೋಜನವಿಲ್ಲ. ಎಷ್ಟು ರಾಕ್‌ವೆಲ್‌ಗೆ (ಗಡಸುತನದ ಅಳತೆ) ಹದ ಹಾಕುತ್ತೀರಿ ಅಂತ ಮಾಡುವವರನ್ನೇ ಕೇಳಿ. ಓ1ಗೆ 58ರಿಂದ 60 ಇದ್ದರೆ ಚೆನ್ನಾಗಿರುತ್ತದೆ.